ಸಕಲೇಶಪುರ–ಆಲೂರು ಮಲೆಸೀಮೆ: ಮಾಧ್ಯಮ, ಡಿಜಿಟಲ್ ತಂತ್ರಜ್ಞಾನ ಮತ್ತು ಪರಿಸರ

ಹಾಸನ ಜಿಲ್ಲೆಯ ಪಶ್ಚಿಮ ಅಂಚಿನಲ್ಲಿರುವ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳಲ್ಲಿ ಪತ್ರಿಕೆ, ಆಕಾಶವಾಣಿ, ಮೊಬೈಲ್ ಫೋನು, ರೇಡಿಯೊ ಕಾಲರ್, ಉಪಗ್ರಹ ಚಿತ್ರ ಮತ್ತು ಸಾಮಾಜಿಕ ಜಾಲತಾಣಗಳು ಕಾಡು, ತೋಟ, ಹೊಳೆ, ವನ್ಯಜೀವಿಗಳ ಮೇಲೆ ಬೀರಿರುವ ಪ್ರಭಾವ ಈ ಲೇಖನದ ವಿಷಯ. ಪರಿಸರದಲ್ಲಿ ಆದದ್ದನ್ನು ವರದಿ ಮಾಡುವುದಷ್ಟೇ ಮಾಧ್ಯಮದ ಕೆಲಸ ಎಂಬ ಹಳೆಯ ತಿಳಿವಳಿಕೆ ಈ ಸೀಮೆಗೆ ಸಾಲದು. ಬೆಳಿಗ್ಗೆ ಕೂಲಿಯಾಳು ಯಾವ ದಾರಿ ಹಿಡಿದು ತೋಟಕ್ಕೆ ಹೋಗಬೇಕು, ಯಾವ ಗ್ರಾಮ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಗೆ ಸೇರಬೇಕು, ಯಾವ ಬೆಟ್ಟವನ್ನು ದಿನಕ್ಕೆ ಎಷ್ಟು ಮಂದಿ ಹತ್ತಬಹುದು ಎಂಬುದೆಲ್ಲ ಈಗ ಒಂದು ಸಂದೇಶ, ಒಂದು ನಕ್ಷೆ ಅಥವಾ ಒಂದು ವಿಡಿಯೊ ಮೇಲೆ ನಿಂತಿದೆ. ಆ ಮಾಹಿತಿ ಯಾರ ಕೈಗೆ, ಎಷ್ಟು ಹೊತ್ತಿಗೆ, ಎಷ್ಟು ವಿವರದೊಂದಿಗೆ ತಲುಪುತ್ತದೆ ಎಂಬುದರ ಮೇಲೆ ಅದರ ಫಲ ನಿರ್ಧಾರವಾಗುತ್ತದೆ.

ಪ್ರದೇಶ

ಸಕಲೇಶಪುರ ಪಟ್ಟಣ ಹೇಮಾವತಿ ನದಿಯ ದಂಡೆಯ ಮೇಲಿದೆ. ಹಾಸನದಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಆಲೂರು ಮಲೆನಾಡು ಮತ್ತು ಬಯಲುಸೀಮೆಗಳ ನಡುವಿನ ಅರೆಮಲೆನಾಡು. ಪಶ್ಚಿಮಕ್ಕೆ ಬಿಸಿಲೆ, ಕೆಂಪುಹೊಳೆ, ಕಾಗಿನೇರಿ–ಕಂಚನಕುಮಾರಿ ಕಾಡುಗಳ ಸಾಲು ಶಿರಾಡಿ ಘಾಟಿಯತ್ತ ಇಳಿಯುತ್ತದೆ. ಎತ್ತಿನಹೊಳೆ, ಕಾಡುಮನೆಹೊಳೆ, ಕೆಂಪುಹೊಳೆ, ಹೊಂಗಡಹಳ್ಳಗಳು ಗುಂಡ್ಯ ಹೊಳೆಯ ಮೂಲಕ ಕುಮಾರಧಾರೆಯನ್ನೂ ಮುಂದೆ ನೇತ್ರಾವತಿಯನ್ನೂ ಸೇರುತ್ತವೆ. ಘಟ್ಟದ ಮೇಲ್ಭಾಗದಲ್ಲಿ ನೆರಳು ಮರಗಳ ಕೆಳಗೆ ಅರೇಬಿಕಾ ಮತ್ತು ರೋಬಸ್ಟಾ ಕಾಫಿ, ಮೆಣಸು, ಏಲಕ್ಕಿ, ತಗ್ಗಿನಲ್ಲಿ ಭತ್ತದ ಗದ್ದೆ. ಕಾಡು ಎಲ್ಲಿ ಮುಗಿದು ತೋಟ ಎಲ್ಲಿ ಆರಂಭವಾಗುತ್ತದೆ ಎಂದು ದೂರದಿಂದ ಹೇಳುವುದು ಕಷ್ಟ. ಆನೆಯ ನಡೆಗೂ ಉಪಗ್ರಹ ನಕ್ಷೆಯ ವಿವಾದಕ್ಕೂ ಈ ಬೆರಕೆ ಭೂಚಿತ್ರವೇ ಮೂಲ.

ಹಿನ್ನೆಲೆ: ಮಳೆ ಲೆಕ್ಕ, ಪತ್ರಿಕೆ, ಆಕಾಶವಾಣಿ

ಈ ಸೀಮೆಯಲ್ಲಿ ಪರಿಸರದ ಮಾಹಿತಿ ಸಂಗ್ರಹ ಡಿಜಿಟಲ್ ಯುಗಕ್ಕಿಂತ ಬಹಳ ಹಿಂದಿನದು. ಕಾಫಿ ತೋಟಗಳಲ್ಲಿ ಮಳೆಮಾಪಕ ಇಟ್ಟು, ಪ್ರತಿದಿನದ ಮಳೆಯನ್ನು ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವ ರೂಢಿ ಬ್ರಿಟಿಷ್ ಪ್ಲಾಂಟರುಗಳ ಕಾಲದಿಂದ ಬಂದಿದೆ. ಬೇಸಿಗೆಯಲ್ಲಿ ಬೀಳುವ ಹೂಮಳೆ, ಅದರ ಬೆನ್ನಿಗೆ ಬೇಕಾದ ಬ್ಯಾಕಿಂಗ್ ಮಳೆ ಯಾವಾಗ ಬಂತು, ಎಷ್ಟು ಬಂತು ಎಂಬುದು ವರ್ಷದ ಫಸಲನ್ನೇ ತೀರ್ಮಾನಿಸುವುದರಿಂದ ಈ ಲೆಕ್ಕ ಹವ್ಯಾಸವಾಗಿರಲಿಲ್ಲ. ಇಂದು ಅದೇ ಅಂಕಿಗಳು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಊರಿಂದೂರಿಗೆ ಹೋಗುತ್ತವೆ.

ಸರ್ಕಾರಿ ವ್ಯವಸ್ಥೆ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಸಂಸ್ಥೆಯೇ ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಅದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಅಳವಡಿಸಿದೆ; ‘ವರುಣ ಮಿತ್ರ’ ಸಹಾಯವಾಣಿಯಲ್ಲಿ ಹವಾಮಾನ ಮಾಹಿತಿ, ‘ಸಿಡಿಲು’ ಆ್ಯಪ್‌ನಲ್ಲಿ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಹಾಸನ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳೂ ‘ಜನತಾ ಮಾಧ್ಯಮ’ದಂಥ ಜಿಲ್ಲಾ ಪತ್ರಿಕೆಗಳೂ ಮಳೆ, ಬೆಳೆ, ಕಾಡಾನೆಯ ಸುದ್ದಿಯನ್ನು ಮೊಬೈಲ್ ಬರುವ ಮುನ್ನವೇ ಮನೆಮನೆಗೆ ತಲುಪಿಸುತ್ತಿದ್ದವು.

ಕನ್ನಡ ಓದುಗರ ಮನಸ್ಸಿನಲ್ಲಿ ಈ ಸೀಮೆಯ ಚಿತ್ರ ಮೂಡಿಸಿದವರಲ್ಲಿ ನೆರೆಯ ಮೂಡಿಗೆರೆಯಲ್ಲಿ ನೆಲೆಸಿದ್ದ ಕೆ.ಪಿ. ಪೂರ್ಣಚಂದ್ರ ತೇಜಸ್ವಿ (1938–2007) ಪ್ರಮುಖರು. ಕಥೆ, ಕಾದಂಬರಿ, ಪಕ್ಷಿ ಛಾಯಾಗ್ರಹಣ ಮತ್ತು ವಿಜ್ಞಾನ ಬರಹ ಒಂದೇ ಕೈಯಿಂದ ಬಂದುದರಿಂದ ಕಾಫಿ ತೋಟ, ಕಾಡಂಚು, ಅಲ್ಲಿನ ಜನ ಒಟ್ಟಾಗಿ ಸಾಹಿತ್ಯದ ವಿಷಯವಾದರು. ಕಂಪ್ಯೂಟರಿನಲ್ಲಿ ಕನ್ನಡ ಬಳಕೆಗೆ ತಕ್ಕ ತಂತ್ರಾಂಶ ಬೇಕೆಂದು ದುಡಿದವರಲ್ಲೂ ಅವರಿದ್ದರು.

ಕಾಡಾನೆ ಮತ್ತು ಮುನ್ನೆಚ್ಚರಿಕೆ ವ್ಯವಸ್ಥೆ

ಡಿಜಿಟಲ್ ತಂತ್ರಜ್ಞಾನ ಇಲ್ಲಿನ ದಿನಬಳಕೆಯೊಳಗೆ ಅತಿ ಆಳವಾಗಿ ಇಳಿದಿರುವುದು ಕಾಡಾನೆಯ ವಿಷಯದಲ್ಲಿ. 1979ರಲ್ಲಿ ಪೂರ್ಣಗೊಂಡ ಗೊರೂರಿನ ಹೇಮಾವತಿ ಅಣೆಕಟ್ಟೆಯ ಹಿನ್ನೀರು, ಅದರ ಸಂತ್ರಸ್ತರ ಪುನರ್ವಸತಿ, ಕೃಷಿಯ ವಿಸ್ತರಣೆಗಳಿಂದ ಕಾಡು ತುಂಡುತುಂಡಾಯಿತು. ಕೊಡಗಿನ ಉತ್ತರ ಭಾಗದೊಂದಿಗೆ ನಂಟಿರುವ ಆನೆಗಳು ಆಲೂರಿನ ಚಿಕ್ಕ ಕಾಡುಗಳಲ್ಲೂ ಸಕಲೇಶಪುರದ ತೋಟಗಳಲ್ಲೂ ನೆಲೆ ನಿಂತವು. ಹಗಲು ತೋಟದ ನೆರಳಿನಲ್ಲಿ ನಿಂತು, ರಾತ್ರಿ ಗದ್ದೆಗೆ ಇಳಿಯುವುದು ಅವುಗಳ ರೂಢಿ. ಕಾಫಿ ಹಣ್ಣಿನ ಕೊಯ್ಲು ಮತ್ತು ಭತ್ತದ ಕೊಯ್ಲು ಹತ್ತಿರಹತ್ತಿರ ಬರುವುದರಿಂದ ಆ ದಿನಗಳಲ್ಲಿ ಮನುಷ್ಯರೂ ಆನೆಗಳೂ ಎದುರುಬದುರಾಗುವುದು ಹೆಚ್ಚು.

ಕಾಡಾನೆಗಳ ಪ್ರಕರಣ ಹೈಕೋರ್ಟ್ ತಲುಪಿ, ಆನೆ ತಜ್ಞ ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ರಾಜ್ಯದ ಆನೆ ನೆಲೆಗಳನ್ನು ಸಂರಕ್ಷಣಾ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸುವ ವಲಯ ಎಂದು ಅದು ವಿಂಗಡಿಸಿತು. ಆಲೂರು ಸುತ್ತಲಿನ ಪ್ರದೇಶ ಮೂರನೆಯದಕ್ಕೆ ಸೇರಿತು. ಅದರಂತೆ 2014ರ ಸುಮಾರಿಗೆ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಹಿಡಿದು ಸಾಗಿಸುವುದೊಂದೇ ಪರಿಹಾರವಲ್ಲ ಎಂಬುದು ಸ್ಪಷ್ಟವಾದ ಮೇಲೆ, ಆನೆ ಎಲ್ಲಿದೆ ಎಂಬುದನ್ನು ಜನರಿಗೆ ತಿಳಿಸುವ ಕೆಲಸಕ್ಕೆ ಮಹತ್ವ ಬಂತು. 2022ರ ಕೊನೆಯಲ್ಲಿ ರಾಜ್ಯ ಸರ್ಕಾರ ಹಾಸನ, ಚಿಕ್ಕಮಗಳೂರು, ಕೊಡಗು, ಮೈಸೂರು ಜಿಲ್ಲೆಗಳಿಗೆ ಪ್ರತ್ಯೇಕ ಆನೆ ಕಾರ್ಯಪಡೆಗಳನ್ನು ರಚಿಸಿತು.

ಆನೆ ಇರುವೆಡೆಯನ್ನು ಜನರಿಗೆ ತಿಳಿಸುವ ಕೆಲಸಕ್ಕೆ ಮಾದರಿ ಸಿಕ್ಕಿದ್ದು ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ ಸ್ಥಳೀಯ ಕೇಬಲ್ ಟಿ.ವಿ.ಯ ಅಡಿಬರಹ, ಮೊಬೈಲ್ ಸಂದೇಶ ಮತ್ತು ಫೋನ್ ಕರೆಯಿಂದ ಹೊತ್ತಿಸಬಹುದಾದ ಕೆಂಪು ದೀಪಗಳ ಮೂಲಕ ಆನೆಯ ಸುಳಿವು ಕೊಡುವ ಪದ್ಧತಿ ರೂಪಿಸಿತು. ಆ ಕೆಲಸದ ಮುಂಚೂಣಿಯಲ್ಲಿದ್ದ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಅದೇ ಸಂಸ್ಥೆ ಅರಣ್ಯ ಇಲಾಖೆಯ ಜೊತೆಗೂಡಿ ಹಾಸನ ಜಿಲ್ಲೆಯಲ್ಲೂ ಕೆಲಸ ಮಾಡಿದೆ.

ಹಾಸನದ ವ್ಯವಸ್ಥೆ ಮೂರು ಹಂತದ್ದು. ಮೊದಲನೆಯದು ಕಾಲರ್. ಆನೆಯ ಗುಂಪು ಹಿರಿಯ ಹೆಣ್ಣಾನೆಯ ಹಿಂದೆ ನಡೆಯುವುದರಿಂದ, ಗುಂಪಿನ ಒಂದು ಹೆಣ್ಣಾನೆಯ ಕೊರಳಿಗೆ ರೇಡಿಯೊ ಕಾಲರ್ ಕಟ್ಟಿದರೆ ಇಡೀ ಗುಂಪಿನ ಜಾಡು ಸಿಗುತ್ತದೆ. ಎರಡನೆಯದು ನೆಲದ ಮೇಲಿನ ಕಣ್ಣು. ಕಾಲರ್ ಕೆಲವು ಗಂಟೆಗಳಿಗೊಮ್ಮೆ ಮಾತ್ರ ಸ್ಥಳ ತಿಳಿಸುವುದರಿಂದ ಕ್ಷಿಪ್ರ ಸ್ಪಂದನಾ ತಂಡದ ಸಿಬ್ಬಂದಿ ಹೆಜ್ಜೆ, ಲದ್ದಿ, ಮುರಿದ ಕೊಂಬೆ ನೋಡಿ ಆನೆ ಯಾವ ತೋಟದಲ್ಲಿದೆ ಎಂದು ಖಚಿತಪಡಿಸುತ್ತಾರೆ. ಮೂರನೆಯದು ಸಂದೇಶ. ಎಸ್‌ಎಂಎಸ್, ವಾಟ್ಸ್ಆ್ಯಪ್, ಧ್ವನಿ ಕರೆ ಮತ್ತು ರಸ್ತೆ ಬದಿಯ ಎಲ್‌ಇಡಿ ಫಲಕಗಳ ಮೂಲಕ ತೋಟದ ರೈಟರಿಂದ ಹಿಡಿದು ಶಾಲಾ ಬಸ್ಸಿನ ಚಾಲಕನವರೆಗೆ ಸುದ್ದಿ ಮುಟ್ಟುತ್ತದೆ. ಓದಲು ಬಾರದವರಿಗೆ ಧ್ವನಿ ಸಂದೇಶವೇ ಆಧಾರ. ತೋಟದ ಲೈನ್ ಮನೆಗಳಲ್ಲಿ ಹೊರರಾಜ್ಯಗಳಿಂದ ಬಂದ ಕಾರ್ಮಿಕರು ಹೆಚ್ಚಾಗಿರುವುದರಿಂದ ಕನ್ನಡದ ಸಂದೇಶ ಮಾತ್ರ ಎಲ್ಲರಿಗೂ ಸಾಲುವುದಿಲ್ಲ.

ಮಿತಿಗಳೂ ಇವೆ. ಬ್ಯಾಟರಿ ಮುಗಿದರೆ ಅಥವಾ ಕಾಲರ್ ಕಳಚಿ ಬಿದ್ದರೆ ಆನೆಗೆ ಮತ್ತೆ ಅರಿವಳಿಕೆ ಕೊಟ್ಟು ಹೊಸದನ್ನು ಕಟ್ಟಬೇಕು. ಗುಂಪಿನಿಂದ ಬೇರೆಯಾಗಿ ತಿರುಗುವ ಒಂಟಿಸಲಗದ ಜಾಡು ಹೆಣ್ಣಾನೆಯ ಕಾಲರಿನಿಂದ ಸಿಗದು. ಮನುಷ್ಯರಿಗೆ ಹೆಚ್ಚು ಅಪಾಯ ಇರುವುದು ಅಂಥ ಸಲಗಗಳಿಂದಲೇ. 2025ರಲ್ಲಿ ರಾಜ್ಯ ಅರಣ್ಯ ಇಲಾಖೆ ಬೆಂಗಳೂರಿನಲ್ಲಿ ತಯಾರಾದ, ವಿದೇಶಿ ಕಾಲರಿಗಿಂತ ಹಗುರವೂ ಅಗ್ಗವೂ ಆದ ಕಾಲರುಗಳನ್ನು ಬಳಕೆಗೆ ತಂದಿತು. ಇವು ಮೊಬೈಲ್ ಜಾಲದ ಮೂಲಕ ಸ್ಥಳ ತಿಳಿಸುವುದರಿಂದ, ಘಟ್ಟದ ತಗ್ಗುಗಳಲ್ಲಿ ಸಿಗ್ನಲ್ ಸಿಗದ ಕಡೆ ಆನೆಯ ಸುದ್ದಿಯೂ ತಡವಾಗುತ್ತದೆ.

ಹೆಸರುಳ್ಳ ಆನೆಗಳು ಮತ್ತು ಅರ್ಜುನನ ಸಾವು

ಫೋನ್ ಕ್ಯಾಮೆರಾ ಆನೆಗಳಿಗೆ ಹೆಸರನ್ನೂ ಖ್ಯಾತಿಯನ್ನೂ ತಂದಿತು. ಭೀಮ, ಕ್ಯಾಪ್ಟನ್, ಕರಡಿ ಎಂಬ ಸಲಗಗಳು, ಬೀಟಮ್ಮನ ಗುಂಪು ಜಿಲ್ಲೆಯಾಚೆಗೂ ಪರಿಚಿತ. ಹೆಸರಿಟ್ಟ ಪ್ರಾಣಿಯ ಬಗ್ಗೆ ಜನರಲ್ಲಿ ಅಕ್ಕರೆ ಹುಟ್ಟುತ್ತದೆ. ಪ್ರತಿ ಆನೆಯ ಸ್ವಭಾವ ಬೇರೆ ಎಂಬ ತಿಳಿವಳಿಕೆಯಿಂದ ಯಾವುದರಿಂದ ಎಷ್ಟು ದೂರ ನಿಲ್ಲಬೇಕೆಂಬ ಅಂದಾಜೂ ಸಿಗುತ್ತದೆ. ಅದೇ ಹೆಸರು ವಿಡಿಯೊ ಮಾಡುವವರನ್ನು ಹತ್ತಿರಕ್ಕೆ ಸೆಳೆಯುತ್ತದೆ. ಆನೆ ಇರುವ ಕಡೆ ಜನ ಸೇರಿ ಕೂಗಿದರೆ, ಬೆನ್ನಟ್ಟಿದರೆ ಅದು ಗಾಬರಿಗೊಂಡು ದಿಕ್ಕು ಬದಲಿಸುತ್ತದೆ. ಸಿಬ್ಬಂದಿ ಸುರಕ್ಷಿತ ಎಂದು ಗುರುತಿಸಿದ್ದ ದಾರಿಯೇ ಆಗ ಅಪಾಯದ ದಾರಿಯಾಗುತ್ತದೆ.

2012ರಿಂದ 2019ರವರೆಗೆ 8 ಬಾರಿ ಮೈಸೂರು ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಎಂಬ ಸಾಕಾನೆ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದ ದಬ್ಬಳ್ಳಿಕಟ್ಟೆ ಬಳಿ, ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಒಂಟಿಸಲಗದೊಂದಿಗೆ ಕಾದಾಡಿ ಸತ್ತಿತು. ಸ್ಥಳದ ವಿಡಿಯೊ ತುಣುಕುಗಳು ಕೆಲವೇ ಗಂಟೆಗಳಲ್ಲಿ ರಾಜ್ಯವಿಡೀ ಹರಡಿದವು. ಸಾವಿನ ಕಾರಣದ ಬಗ್ಗೆ ಪರಸ್ಪರ ವಿರುದ್ಧವಾದ ಮಾತುಗಳು ಹುಟ್ಟಿಕೊಂಡವು, ಕಾರ್ಯಾಚರಣೆ ನಿಂತಿತು, ತನಿಖೆಗೆ ಒತ್ತಾಯ ಬಂತು. ಅರ್ಜುನನನ್ನು ಅಲ್ಲೇ ಮಣ್ಣು ಮಾಡಲಾಯಿತು. ಸ್ಮಾರಕ ಕಟ್ಟುವುದಾಗಿ ಸರ್ಕಾರ ಪ್ರಕಟಿಸಿತು. ವಯಸ್ಸಾದ ಸಾಕಾನೆಗಳನ್ನು ಸೆರೆ ಕಾರ್ಯಾಚರಣೆಗೆ ಬಳಸಬಹುದೇ ಎಂಬ ಪ್ರಶ್ನೆ ಸಾರ್ವಜನಿಕ ಚರ್ಚೆಗೆ ಬಂದದ್ದು ಜಾಲತಾಣದ ಈ ಒತ್ತಡದಿಂದಲೇ. ಅದೇ ಕಾಡಂಚಿನಲ್ಲಿ ಆನೆ ದಾಳಿಗೆ ಜೀವ ತೆತ್ತ ಕೂಲಿಕಾರರ ಸಾವುಗಳು ಅಂಥ ಗಮನ ಸೆಳೆದಿರಲಿಲ್ಲ ಎಂಬುದೂ ಈ ಘಟನೆಯ ಇನ್ನೊಂದು ಮುಖ.

ಉಪಗ್ರಹ ನಕ್ಷೆ ಮತ್ತು ಪರಿಸರ ಸೂಕ್ಷ್ಮ ಪ್ರದೇಶ

ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮಘಟ್ಟ ಪರಿಸರ ತಜ್ಞರ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಸಲ್ಲಿಸಿತು. ಮಾಹಿತಿ ಹಕ್ಕಿನ ಹೋರಾಟ ಮತ್ತು ದೆಹಲಿ ಹೈಕೋರ್ಟಿನ ತೀರ್ಪಿನ ನಂತರ, 2012ರ ಮೇ ತಿಂಗಳಲ್ಲಷ್ಟೇ ಕೇಂದ್ರ ಸಚಿವಾಲಯ ಅದನ್ನು ಅಂತರಜಾಲದಲ್ಲಿ ಬಹಿರಂಗಪಡಿಸಿತು. ಸಕಲೇಶಪುರ ಸೀಮೆಗೆ ಸೇರಿದ 200 ಮೆಗಾವಾಟ್‌ನ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡ ಎಂದು ಆ ವರದಿ ಹೇಳಿತ್ತು. ಜನ ವರದಿಯನ್ನು ಓದುವ ಮೊದಲೇ ಅದರ ಬಗೆಗಿನ ವದಂತಿಗಳು ಬೇರೂರಿದವು.

2013ರಲ್ಲಿ ವರದಿ ಕೊಟ್ಟ ಕಸ್ತೂರಿರಂಗನ್ ಸಮಿತಿ ವಿಧಾನ ಬದಲಿಸಿತು. ಗಾಡ್ಗೀಳ್ ಸಮಿತಿ ಸುಮಾರು 9 ಕಿ.ಮೀ. ಉದ್ದಗಲದ ಚೌಕಗಳಲ್ಲಿ ಘಟ್ಟವನ್ನು ಅಳೆದಿದ್ದರೆ, ಇದು 24 ಮೀಟರ್ ಸ್ಪಷ್ಟತೆಯ ಉಪಗ್ರಹ ಚಿತ್ರಗಳಿಂದ ನೈಸರ್ಗಿಕ ಭೂಚಿತ್ರ ಮತ್ತು ಮನುಷ್ಯ ರೂಪಿಸಿದ ಭೂಚಿತ್ರ ಎಂದು ವಿಂಗಡಿಸಿ, ಗ್ರಾಮವನ್ನು ಘಟಕವಾಗಿಸಿತು. ಅದು ಗುರುತಿಸಿದ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲಿಗೆ 20,668 ಚದರ ಕಿ.ಮೀ. ಮತ್ತು 1,576 ಗ್ರಾಮಗಳು ಬಂದವು. ಸಕಲೇಶಪುರ ತಾಲ್ಲೂಕಿನ ಹಲವು ಗ್ರಾಮಗಳು ಈ ಪಟ್ಟಿಯಲ್ಲಿವೆ. ನೆರಳಿನ ಕಾಫಿ ತೋಟ ಆಕಾಶದಿಂದ ಕಾಡಿನಂತೆಯೇ ಹಸಿರಾಗಿ ಕಾಣುತ್ತದೆ. ಮರ ಕಡಿಯದೆ ಉಳಿಸಿಕೊಂಡ ಬೆಳೆಗಾರನ ಊರೇ ನಿರ್ಬಂಧಕ್ಕೆ ಒಳಗಾಗುತ್ತದೆ ಎಂಬುದು ಬೆಳೆಗಾರರ ಆಕ್ಷೇಪ. ನೆಲದ ಮೇಲೆ ಗ್ರಾಮಸಭೆ ನಡೆಸಿ ಗಡಿ ಗುರುತಿಸಬೇಕಿತ್ತು ಎಂದು ಪರಿಸರ ಹೋರಾಟಗಾರರೂ ಹೇಳುತ್ತಾರೆ. ವಯನಾಡು ಭೂಕುಸಿತದ ಮರುದಿನ, 2024ರ ಜುಲೈ 31ರಂದು, ಕೇಂದ್ರ 6ನೇ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರ್ 26ರಂದು ಕರ್ನಾಟಕ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಕಾಫಿ ತೋಟ ಮತ್ತು ದತ್ತಾಂಶ

1990ರ ದಶಕದ ಮಧ್ಯದವರೆಗೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಕೊಡಬೇಕಿತ್ತು. ಮಾರುಕಟ್ಟೆ ಮುಕ್ತವಾದ ಮೇಲೆ ಲಂಡನ್ನಿನ ರೋಬಸ್ಟಾ ಬೆಲೆ, ನ್ಯೂಯಾರ್ಕಿನ ಅರೇಬಿಕಾ ಬೆಲೆ ದಿನವೂ ತೋಟದ ಫೋನಿಗೆ ಬಂದು ಬೀಳತೊಡಗಿತು. ಯಾವ ತಳಿ ಇಡಬೇಕು, ಎಷ್ಟು ಮರಗಸಿ ಮಾಡಿ ನೆರಳು ತೆಗೆಯಬೇಕು ಎಂಬ ಲೆಕ್ಕಾಚಾರದಲ್ಲಿ ಈ ಅಂಕಿಗೂ ಪಾಲಿದೆ. ಅರೇಬಿಕಾಕ್ಕೆ ಬೇಕಾದಷ್ಟು ನೆರಳು ರೋಬಸ್ಟಾಕ್ಕೆ ಬೇಡವಾದ್ದರಿಂದ ತಳಿಯ ಬದಲಾವಣೆ ಮರಗಳ ಮೇಲೂ ಪರಿಣಾಮ ಬೀರುತ್ತದೆ. 2018ರಲ್ಲಿ ಕಾಫಿ ಮಂಡಳಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ ಎಂಬ ದೂರವಾಣಿ ಸಲಹಾ ಸೇವೆ ಮೊದಲು ಬಂದದ್ದು ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಿಗೆ.

2023ರಲ್ಲಿ ಯುರೋಪಿಯನ್ ಒಕ್ಕೂಟ ಮಾಡಿದ ಅರಣ್ಯನಾಶ ತಡೆ ನಿಯಮ ಈ ನಂಟನ್ನು ಇನ್ನೂ ಬಿಗಿಗೊಳಿಸಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಗೆ ಆ ಮಾರುಕಟ್ಟೆಯಲ್ಲಿ ಪ್ರವೇಶವಿಲ್ಲ. ಅದನ್ನು ಸಾಬೀತುಪಡಿಸಲು ಪ್ರತಿ ತೋಟದ ಅಕ್ಷಾಂಶ–ರೇಖಾಂಶ ಬೇಕು. 4 ಹೆಕ್ಟೇರಿಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೇ ನಕ್ಷೆಯಲ್ಲಿ ಗುರುತಿಸಬೇಕು. ಭಾರತದ ಕಾಫಿಯಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ಪ್ರಮುಖ ಗಿರಾಕಿಗಳು. ಹೀಗಾಗಿ ಕಾಫಿ ಮಂಡಳಿ ಮೊಬೈಲ್ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಕೈಗೊಂಡಿತು. ನಿಯಮ ಜಾರಿಯ ದಿನಾಂಕ ಒಂದಕ್ಕಿಂತ ಹೆಚ್ಚು ಬಾರಿ ಮುಂದೆ ಹೋಗಿದೆ. ಪರಿಸರ ಸೂಕ್ಷ್ಮ ಪಟ್ಟಿಯಲ್ಲಿ ಬೆಳೆಗಾರನಿಗೆ ತೊಡಕಾಗಿ ಕಂಡ ಮರಗಳ ಹೊದಿಕೆಯೇ ಇಲ್ಲಿ ಅವನ ಪರವಾದ ಸಾಕ್ಷಿ. ಸ್ಮಾರ್ಟ್‌ಫೋನು, ದಾಖಲೆ, ಖಾತೆ ಸರಿಯಿಲ್ಲದ ಸಣ್ಣ ಹಿಡುವಳಿದಾರನಿಗೆ ಮಾತ್ರ ಆ ಸಾಕ್ಷಿ ಒದಗಿಸುವುದೇ ಹೊರೆ.

ಪ್ರವಾಸ ಮತ್ತು ಜಾಲತಾಣ

ಹಾಸನ–ಮಂಗಳೂರು ಮೀಟರ್‌ಗೇಜ್ ರೈಲುಮಾರ್ಗ 1979ರಲ್ಲಿ ಆರಂಭವಾಗಿ, ಬ್ರಾಡ್‌ಗೇಜ್ ಪರಿವರ್ತನೆಗಾಗಿ 1996ರಲ್ಲಿ ಮುಚ್ಚಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ 57 ಸುರಂಗಗಳಿವೆ. ದೋಣಿಗಾಲ್, ಎಡಕುಮೇರಿ, ಸಿರಿಬಾಗಿಲು ನಿಲ್ದಾಣಗಳ ನಡುವೆ ಹಳಿಯ ಮೇಲೆ ನಡೆಯುವ ‘ಗ್ರೀನ್ ರೂಟ್’ ಚಾರಣದ ಖ್ಯಾತಿ ಅಂತರಜಾಲದ ಬರಹ, ಚಿತ್ರಗಳಿಂದ ಹರಡಿತು. 2006ರಲ್ಲಿ ಸರಕು ರೈಲು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ ಮೇಲೂ ಹಳೆಯ ಚಿತ್ರಗಳನ್ನು ನೋಡಿದವರು ಬರುತ್ತಲೇ ಇದ್ದರು. ಹಳಿಯ ಮೇಲೆ ನಡೆಯುವುದು ರೈಲ್ವೆ ಕಾನೂನಿನಡಿ ಅಪರಾಧ.

ಈಚೆಗೆ ಡ್ರೋನ್ ಮತ್ತು ರೀಲ್ಸ್ ಆ ಪಾತ್ರ ವಹಿಸಿವೆ. ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆಯ ನಕ್ಷತ್ರಾಕಾರ ಪೂರ್ತಿ ಕಾಣುವುದು ಮೇಲಿನಿಂದ ಮಾತ್ರ. ಡ್ರೋನ್ ಚಿತ್ರ ಬಂದ ಮೇಲೆ ಅದರ ಆಕರ್ಷಣೆ ಹೆಚ್ಚಿತು. ಬಿಸಿಲೆ, ಪಟ್ಲ ಬೆಟ್ಟ, ಪಾಂಡವರ ಗುಡ್ಡ, ಮೂಕನಮನೆ ಜಲಪಾತಗಳಿಗೆ ವಾರಾಂತ್ಯದಲ್ಲಿ ಬೆಂಗಳೂರಿನ ವಾಹನಗಳು ಸಾಲುಗಟ್ಟುತ್ತವೆ. ಹೋಂಸ್ಟೇಗಳಿಂದ ಸ್ಥಳೀಯರಿಗೆ ಆದಾಯವಿದೆ. ಆದರೆ ಹುಲ್ಲುಗಾವಲಿನ ಮೇಲೆ ಜೀಪ್ ಹರಿದರೆ ತೆಳುಮಣ್ಣು ಕೊಚ್ಚಿಹೋಗುತ್ತದೆ, ಪ್ಲಾಸ್ಟಿಕ್ ಹಳ್ಳ ಸೇರುತ್ತದೆ.

ಜಾಲತಾಣ ತಂದ ದಟ್ಟಣೆಯನ್ನು ಜಾಲತಾಣವೇ ಬಯಲಿಗೆಳೆದದ್ದು ನೆರೆಯ ಕುಮಾರಪರ್ವತದಲ್ಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ನೆರೆದ ಜನಸಂದಣಿಯ ವಿಡಿಯೊ ಹರಡುತ್ತಿದ್ದಂತೆ ಅರಣ್ಯ ಇಲಾಖೆ ಚಾರಣ ತಡೆದು, ಆನ್‌ಲೈನ್ ಮುಂಗಡ ನೋಂದಣಿ ಕಡ್ಡಾಯ ಮಾಡಿತು. ‘ಅರಣ್ಯ ವಿಹಾರ’ ಎಂಬ ವ್ಯವಸ್ಥೆಯಲ್ಲಿ ಪ್ರತಿ ಚಾರಣಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ಬಂತು. ಅರಣ್ಯ ಇಲಾಖೆಗೆ ಸೇರದ ಗುಡ್ಡಗಳಿಗೆ ಇಂಥ ಮಿತಿ ಅನ್ವಯಿಸುವುದಿಲ್ಲ.

ಎತ್ತಿನಹೊಳೆ, ಭೂಕುಸಿತ ಮತ್ತು ಸಾರ್ವಜನಿಕ ದತ್ತಾಂಶ

ಎತ್ತಿನಹೊಳೆ ಮತ್ತು ನೆರೆಯ ಹಳ್ಳಗಳಿಂದ 24 ಟಿಎಂಸಿ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದಂಥ ಬರಪೀಡಿತ ಜಿಲ್ಲೆಗಳಿಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನ ದೊಡ್ಡನಗರದಲ್ಲಿ ಉದ್ಘಾಟನೆಯಾಯಿತು. ಅದರ ಮೂಲ ಲೆಕ್ಕವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಪ್ರಶ್ನಿಸಿದರು. ಉಪಗ್ರಹ ಚಿತ್ರ ಮತ್ತು ಮಳೆಯ ದಾಖಲೆಗಳನ್ನು ಸೇರಿಸಿ, ಜಲಾನಯನದ ವಾರ್ಷಿಕ ಇಳುವರಿ 9.55 ಟಿಎಂಸಿ ಮಾತ್ರ ಎಂದು ಅವರು ಅಂದಾಜಿಸಿದರು. ವರದಿ ಅಂತರಜಾಲದಲ್ಲಿ ಎಲ್ಲರಿಗೂ ಸಿಕ್ಕಿದ್ದರಿಂದ ಕರಾವಳಿಯ ಮತ್ತು ಮಲೆನಾಡಿನ ಹೋರಾಟಗಾರರ ಕೈಗೆ ಒಂದು ಅಂಕಿ ಬಂತು. ಆ ಅಂಕಿ ಬಂದ ಮೇಲೂ ಕಾಮಗಾರಿ ನಿಲ್ಲಲಿಲ್ಲ.

ಭೂಕುಸಿತದ ದಿನಗಳಲ್ಲಿ ಮಾಧ್ಯಮದ ಉಪಯೋಗ ನೇರವಾದದ್ದು. 2024ರ ಜುಲೈನಲ್ಲಿ ಶಿರಾಡಿ ಘಾಟಿಯ ದೊಡ್ಡತಪ್ಪಲು ಬಳಿ ಹೆದ್ದಾರಿ 75ರ ಮೇಲೆ ಮಣ್ಣು ಕುಸಿಯಿತು; 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲುಮಾರ್ಗದ ಅಡಿಪಾಯವೇ ಜಾರಿತು. ಇಂಥ ಹೊತ್ತಿನಲ್ಲಿ ಚಾಲಕರು, ಸ್ಥಳೀಯರು ಕಳಿಸುವ ವಿಡಿಯೊ ಅಧಿಕೃತ ಪ್ರಕಟಣೆಗಿಂತ ಮೊದಲೇ ಸಿಗುತ್ತದೆ. ಹಿಂದಿನ ವರ್ಷದ ವಿಡಿಯೊ ಹೊಸದೆಂಬಂತೆ ಹರಿದಾಡುವುದೂ ಉಂಟು.

ಜೀವವೈವಿಧ್ಯದ ದಾಖಲೆ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್, 1932ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರು. 1937ರಲ್ಲಿ ಅವರು ಕೆಂಪುಹೊಳೆಯ ಕಾಡಿನ ಪುಟ್ಟ ಇರುಳುಗಪ್ಪೆಯೊಂದನ್ನು ವಿವರಿಸಿದರು. ಅದರ ವೈಜ್ಞಾನಿಕ ನಾಮದಲ್ಲಿ ಊರಿನ ಹೆಸರೇ ಇದೆ. ಅವರ ಮೂಲ ಮಾದರಿಗಳು ಕಳೆದುಹೋದವು, ಅಚ್ಚಾದ ವಿವರಣೆ ಉಳಿಯಿತು. ಸುಮಾರು 75 ವರ್ಷಗಳ ಬಳಿಕ, 2011ರಲ್ಲಿ, ಎಸ್.ಡಿ. ಬಿಜು ಮತ್ತು ಸಂಗಡಿಗರ ಅಧ್ಯಯನದಲ್ಲಿ ಕಪ್ಪೆ ಮರಳಿ ದಾಖಲಾಯಿತು. ಈಗ ಬಿಸಿಲೆಯಲ್ಲಿ ಕಪ್ಪೆ ಆಸಕ್ತರು ಮಳೆಗಾಲದ ರಾತ್ರಿಗಳಲ್ಲಿ ಕೂಗು ಧ್ವನಿಮುದ್ರಿಸುತ್ತಾರೆ, ಚಿತ್ರ ತೆಗೆದು ಸಾರ್ವಜನಿಕ ತಾಣಗಳಿಗೆ ಸೇರಿಸುತ್ತಾರೆ. ಅಪರೂಪದ ಕಪ್ಪೆ, ಹಾವು, ಆರ್ಕಿಡ್‌ಗಳ ನಿಖರ ಸ್ಥಳ ಬಹಿರಂಗವಾದರೆ ಕಳ್ಳಸಾಗಣೆದಾರರಿಗೂ ಛಾಯಾಗ್ರಾಹಕರ ಗುಂಪಿಗೂ ದಾರಿ ತೋರಿಸಿದಂತೆ. ಆದ್ದರಿಂದ ಅಪಾಯದಲ್ಲಿರುವ ಜೀವಿಗಳ ಸ್ಥಳವನ್ನು ಕೆಲವು ತಾಣಗಳು ಬೇಕೆಂದೇ ಮಸುಕಾಗಿಸುತ್ತವೆ.

ತಂತ್ರಜ್ಞಾನದ ಸ್ವಂತ ಹೊರೆ

ಸಾಧನಗಳೂ ಪರಿಸರದ ಮೇಲೆ ಭಾರ ಹೇರುತ್ತವೆ. ಮುಂಗಾರಿನಲ್ಲಿ ಮರ ಬಿದ್ದು ವಿದ್ಯುತ್ ಕಡಿದಾಗ ಮೊಬೈಲ್ ಗೋಪುರಗಳು ಬ್ಯಾಟರಿ ಮತ್ತು ಡೀಸೆಲ್ ಜನರೇಟರಿನಿಂದ ನಡೆಯಬೇಕು. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ–ತ್ಯಾಜ್ಯ ಉತ್ಪತ್ತಿಯಾಯಿತು, ದಾಖಲೆಯಂತೆ ಸರಿಯಾಗಿ ಮರುಬಳಕೆಯಾದದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಹೇಳುತ್ತದೆ. ದತ್ತಾಂಶ ಕೇಂದ್ರಗಳು 2024ರಲ್ಲಿ ಜಗತ್ತಿನ ವಿದ್ಯುತ್ತಿನ ಸುಮಾರು ಶೇ. 1.5ರಷ್ಟನ್ನು ಬಳಸಿದವು ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತದ ಇ–ತ್ಯಾಜ್ಯ ನಿರ್ವಹಣಾ ನಿಯಮ ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸುತ್ತದೆ. ಚದುರಿದ ಮನೆಗಳ ಮಲೆನಾಡಿನಲ್ಲಿ ಕೆಟ್ಟ ಫೋನು, ಸೋಲಾರ್ ಬೇಲಿಯ ಹಳೆಯ ಬ್ಯಾಟರಿಗಳು ಹೆಚ್ಚಾಗಿ ಗುಜರಿಯವರ ಕೈ ಸೇರುತ್ತವೆ.

ಮೌಲ್ಯಮಾಪನ

ಈ ಸೀಮೆಯ ಅನುಭವದಲ್ಲಿ ಒಂದು ವಿನ್ಯಾಸ ಕಾಣುತ್ತದೆ. ಆನೆಯ ಸ್ಥಳ ತೋಟದ ಕಾರ್ಮಿಕನಿಗೆ ಬೆಳಿಗ್ಗೆ ತಿಳಿದರೆ ಜೀವ ಉಳಿಯುತ್ತದೆ, ವಿಡಿಯೊ ಮಾಡುವವನಿಗೆ ತಿಳಿದರೆ ಗುಂಪು ಸೇರುತ್ತದೆ. ಉಪಗ್ರಹ ನಕ್ಷೆ ಒಂದು ಕಾನೂನಿನಡಿ ಬೆಳೆಗಾರನಿಗೆ ನಿರ್ಬಂಧ, ಇನ್ನೊಂದರಡಿ ಮಾರುಕಟ್ಟೆಯ ರಹದಾರಿ. ಸಾಧನ ಎರಡೂ ಕಡೆ ಒಂದೇ. ಹಂಚಿಕೆಯ ನಿಯಮ ಬೇರೆ. ಆನೆ ಎಚ್ಚರಿಕೆಯಲ್ಲಿ ಹಂಚಿಕೆಯ ಹೊಣೆ ಯಾರದೆಂದು ಗೊತ್ತಿದೆ: ಅರಣ್ಯ ಸಿಬ್ಬಂದಿ ಖಚಿತಪಡಿಸಿದ ಸುದ್ದಿ ಆಯಾ ಊರಿನವರಿಗೆ ಹೋಗುತ್ತದೆ. ಪ್ರವಾಸಿ ಚಿತ್ರ, ಭೂಕುಸಿತದ ವಿಡಿಯೊ, ಪರಿಸರ ಸೂಕ್ಷ್ಮ ಪ್ರದೇಶದ ನಕ್ಷೆಗಳಲ್ಲಿ ಅಂಥ ಹೊಣೆಗಾರಿಕೆ ಇನ್ನೂ ರೂಪುಗೊಂಡಿಲ್ಲ. ಗ್ರಾಮದ ಗಡಿ ನಿರ್ಧರಿಸುವ ನಕ್ಷೆಯನ್ನು ಆ ಗ್ರಾಮದವರು ಕನ್ನಡದಲ್ಲಿ ಓದಿ, ತಪ್ಪಿದ್ದರೆ ತಿದ್ದಿಸುವ ಅವಕಾಶ ಸಿಕ್ಕಾಗ ಮಾತ್ರ ಮುಂದಿನ ಕರಡುಗಳ ಮೇಲಿನ ಚರ್ಚೆ ವದಂತಿಯಿಂದ ಹೊರಬಂದೀತು.